ಮಲಗುವ ಮನೆಯ ಚರಿತ್ರೆ: ದೇವಸಮುದ್ರದ ಸೀಮೆಯ ಒಂದು ಕೋಣೆ

ನಮ್ಮ ದೇಶದ ಚರಿತ್ರೆಯನ್ನು ಓದಿದವರಿಗೆ ಅರಸರು ಎಲ್ಲಿ ಪಟ್ಟವೇರಿದರು, ಎಲ್ಲಿ ಕಾದಿದರು, ಎಲ್ಲಿ ಮಡಿದರು ಎಂಬ ಸಂಗತಿಗಳು ವಿದಿತವಾಗಿಯೇ ಇವೆ. ಅವರ ಪ್ರಜೆಗಳು ರಾತ್ರಿ ಎಲ್ಲಿ ಮಲಗಿದರು ಎಂದು ಯಾರಾದರೂ ಕೇಳಿದರೆ ಮಾತ್ರ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಮನುಷ್ಯನು ತನ್ನ ಆಯುಷ್ಯದ ಮೂರನೆಯ ಒಂದು ಪಾಲನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಹುಟ್ಟುವುದೂ, ಬೇನೆಬೀಳುವುದೂ, ಕಡೆಯ ಉಸಿರು ಬಿಡುವುದೂ ಬಹುಮಟ್ಟಿಗೆ ಹಾಸಿಗೆಯ ಮೇಲೆಯೇ. ಆದಕಾರಣ ಮಲಗುವ ಮನೆಯ ವಿನ್ಯಾಸವನ್ನೂ ಅಲ್ಲಿನ ಸಾಮಾನುಗಳನ್ನೂ ಪರಿಶೀಲಿಸಿದರೆ, ದರ್ಬಾರಿನ ಚರಿತ್ರೆ ಹೇಳದೆ ಬಿಟ್ಟ ಕೆಲವು ಸಂಗತಿಗಳು ನಮಗೆ ಗೋಚರವಾಗಬಹುದು.

ಈ ಪರಿಶೀಲನೆಗೆ ನಾವು ಆರಿಸಿಕೊಂಡಿರುವುದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಸೀಮೆಯನ್ನು. ಊರ ಹೆಸರಿನಲ್ಲಿ ಸಮುದ್ರವಿದ್ದರೂ ಇದು ನೀರಿನ ನಾಡಲ್ಲ. ನಮ್ಮ ಪೂರ್ವಿಕರು ಕೆರೆಗಳಿಗೆ ಸಮುದ್ರವೆಂದು ಹೆಸರಿಡುತ್ತಿದ್ದರು. ಉತ್ತರಕ್ಕೆ ಬಳ್ಳಾರಿ, ಪೂರ್ವಕ್ಕೆ ರಾಯದುರ್ಗದ ತೆಲುಗು ಸೀಮೆ, ದಕ್ಷಿಣಕ್ಕೆ ಚಳ್ಳಕೆರೆ. ವರ್ಷಕ್ಕೆ ಇಪ್ಪತ್ತು ಅಂಗುಲದ ಆಸುಪಾಸಿನ ಮಳೆ. ಅದೂ ನಂಬಿಕೆಗೆ ಬಾರದ ಮಳೆ. ಬಂಡೆಯ ಗುಡ್ಡಗಳು, ಕುರುಚಲು ಕಾಡು, ಕುರಿಯ ಮಂದೆಗಳು. ಇಂತಹ ನೆಲದಲ್ಲಿ ಮನೆ ಕಟ್ಟುವವನಿಗೆ ಬಿಸಿಲೇ ಮೊದಲನೆಯ ಶತ್ರು, ಮರದ ಅಭಾವವೇ ಎರಡನೆಯ ಕಷ್ಟ.

ಈ ಸೀಮೆಯನ್ನು ಆರಿಸಲು ಮತ್ತೊಂದು ಕಾರಣವೂ ಉಂಟು. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ಲೂಯಿ ರೈಸ್ ಅವರು ಅಶೋಕನ ಶಾಸನವನ್ನು ಕಂಡುಹಿಡಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೋದ ಆಜ್ಞೆಯದು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿಯೇ ಅಗೆಸಿದಾಗ, ಇಸಿಲಕ್ಕಿಂತ ಎಷ್ಟೋ ಹಿಂದೆ ಕಲ್ಲಿನ ಕೊಡಲಿಯನ್ನು ಬಳಸುತ್ತಿದ್ದ ಜನರ ವಸತಿಯು ಹೊರಬಿದ್ದಿತು. ಮರದ ಕಂಬಗಳನ್ನು ನೆಟ್ಟಿದ್ದ ಕುಳಿಗಳೂ, ಒರಟು ಕಲ್ಲನ್ನು ಪೇರಿಸಿದ ಮೋಟು ಗೋಡೆಗಳೂ ಕಂಡುಬಂದವು. ತೀರಿಕೊಂಡ ಎಳೆಯ ಮಕ್ಕಳನ್ನು ಅಗಲ ಬಾಯಿಯ ಮಡಕೆಗಳಲ್ಲಿಟ್ಟು ವಸತಿಯ ನಡುವೆಯೇ ಹೂಳಿದ್ದರು. ವೀಲರ್ ಅವರು ಊಹಿಸಿದ್ದಕ್ಕಿಂತ ಆ ಕಾಲವು ಬಹಳ ಹಿಂದಿನದೆಂದು ಇಂಗಾಲದ ಮೂಲಕ ಕಾಲವನ್ನು ನಿರ್ಣಯಿಸುವ ಕ್ರಮವು ಅನಂತರ ತೋರಿಸಿಕೊಟ್ಟಿದೆ. ಆ ಜನರ ಹಾಸಿಗೆಯು ಹುಲ್ಲಾಗಿತ್ತೋ ಚರ್ಮವಾಗಿತ್ತೋ, ಮಣ್ಣು ಉಳಿಸಿಕೊಟ್ಟಿಲ್ಲ. ಆದರೆ ಮಲಗುವ ನೆಲಕ್ಕೂ ಮಡಿದ ಕೂಸಿನ ನೆಲಕ್ಕೂ ಅವರು ದೂರವನ್ನು ಬಯಸಲಿಲ್ಲವೆಂಬುದನ್ನು ಮಾತ್ರ ಮಣ್ಣು ಮರೆಯದೆ ಕಾಪಾಡಿದೆ.

ಇನ್ನು ಗ್ರಂಥಗಳ ಸಾಕ್ಷ್ಯವನ್ನು ನೋಡೋಣ. ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಮಂಚದ ಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅರಸನ ಮಂಚಕ್ಕೆ ನೂರು ಅಂಗುಲದ ಉದ್ದ. ಪದವಿ ಇಳಿದಂತೆ ಮಂಚವೂ ಕಿರಿದಾಗುತ್ತದೆ. ಸಿಡಿಲು ಬಡಿದ ಮರ, ಆನೆ ಕೆಡವಿದ ಮರ, ಹಕ್ಕಿಗಳು ಗೂಡುಕಟ್ಟಿದ ಮರ ಇವು ಮಂಚಕ್ಕೆ ಆಗವು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಹಾಸಿಗೆ ಮಂಚಗಳು ಅರಸನ ಭೋಗಗಳ ಪೈಕಿ ಎಣಿಸಲ್ಪಟ್ಟಿವೆ. ಸುಮಾರು ೧೫೨೦ರಲ್ಲಿ ವಿಜಯನಗರದ ಅರಮನೆಯನ್ನು ಕಂಡ ಪೋರ್ಚುಗೀಸರ ಪಾಯೆಸನು, ಚಿನ್ನದ ತಗಡು ಹೊದಿಸಿದ ಮಂಚವನ್ನೂ, ಕಪ್ಪು ರೇಷ್ಮೆಯ ಮೆತ್ತೆಯನ್ನೂ, ಅದರ ಸುತ್ತ ಗೇಣಗಲದ ಮುತ್ತಿನ ಅಂಚನ್ನೂ ವರ್ಣಿಸಿದ್ದಾನೆ. ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಬರುವ ಸೆಜ್ಜೆವನೆ ಎಂಬ ಮಾತೂ ಇಂಥದೇ ಸಿರಿವಂತರ ಮಲಗುವ ಮನೆಯನ್ನು ಹೇಳುತ್ತದೆ. ಜನ್ನನ ಯಶೋಧರ ಚರಿತೆಯಲ್ಲಿ ಅಮೃತಮತಿಯು ನಡುರಾತ್ರಿಯಲ್ಲಿ ಗಂಡನ ಮಗ್ಗುಲಿನಿಂದ ಎದ್ದು ಹೋಗುವುದು ಅಂತಹ ಮನೆಯಿಂದಲೇ.

ಈ ಮೂರು ಸಾಕ್ಷ್ಯಗಳೂ ಒಂದು ಮಾತನ್ನು ಒಪ್ಪುತ್ತವೆ. ಮಲಗುವುದಕ್ಕೆಂದೇ ಬೇರೆ ಮನೆ, ಕದಲದೆ ನಿಂತ ಮಂಚ ಇವು ಪದವಿಯ ಗುರುತುಗಳು. ಒಕ್ಕಲಿನವನ ಮನೆಯಲ್ಲಿ ಅವಕ್ಕೆ ಸ್ಥಳವಿರಲಿಲ್ಲ. ಹಾಗಾದರೆ ಅವನ ಮನೆಯಲ್ಲಿ ಏನಿತ್ತು? ಅದನ್ನು ತಿಳಿಯಲು ಗ್ರಂಥವನ್ನು ಮುಚ್ಚಿಟ್ಟು ದೇವಸಮುದ್ರದ ಕಡೆಯ ಒಂದು ಹಳೆಯ ಮಾಳಿಗೆಯ ಮನೆಯೊಳಕ್ಕೆ ಹೋಗಬೇಕು.

ಮೈಸೂರು ಬೆಂಗಳೂರುಗಳ ಶ್ರೋತೃಗಳು ಮಾಳಿಗೆ ಎಂದರೆ ಮಹಡಿಯೆಂದು ಭಾವಿಸಬಹುದು. ಈ ಸೀಮೆಯಲ್ಲಿ ಮಾಳಿಗೆ ಎಂದರೆ ಮಟ್ಟಸವಾದ ಮಣ್ಣಿನ ಚಾವಣಿ. ಕಲ್ಲು ಮಣ್ಣಿನ ದಪ್ಪ ಗೋಡೆ. ಒಳಗೆ ಸಾಲಾಗಿ ಕಂಬಗಳು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಮತ್ತು ಬಂದರೆ ಸೊಪ್ಪು, ಅದರ ಮೇಲೆ ತುಳಿದು ಹದಮಾಡಿದ ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣು. ಈ ಕರಲು ಮಣ್ಣಿನ ಗುಣವನ್ನು ನಾವು ಗಮನಿಸತಕ್ಕದ್ದು. ಹೊಲಕ್ಕೆ ಬಿದ್ದರೆ ಬೆಳೆಯನ್ನು ಕೆಡಿಸುವ ಚೌಳು ಮಣ್ಣೇ ಇದು. ಇದರಲ್ಲಿರುವ ಸೋಡಿಯಮ್ಮಿನ ಅಂಶದಿಂದ ಜೇಡಿಯ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ನೀರು ಕೆಳಗಿಳಿಯದೆ ದೋಣಿಯಿಂದ ಹೊರಕ್ಕೆ ಹರಿಯುತ್ತದೆ. ಹೊಲಕ್ಕೆ ವೈರಿಯಾದ ಮಣ್ಣನ್ನು ಮನೆಗೆ ಕಾವಲಾಗಿಸಿದ ಈ ಜ್ಞಾನಕ್ಕೆ ಯಾವ ಶಿಲ್ಪಶಾಸ್ತ್ರದ ಶ್ಲೋಕವೂ ಬೇಕಾಗಿರಲಿಲ್ಲ.

ಮನೆಯ ಅಳತೆಯನ್ನು ಇಲ್ಲಿನ ಜನ ಅಂಕಣದಿಂದ ಹೇಳುತ್ತಾರೆ. ಎರಡು ಕಂಬಸಾಲುಗಳ ನಡುವಣ ಅವಕಾಶವೇ ಅಂಕಣ. ಊರ ಬೇವು ಜಾಲಿಗಳಿಂದ ದೊರೆಯುವ ತೊಲೆ ಎಷ್ಟು ಉದ್ದವೋ ಅಂಕಣವೂ ಅಷ್ಟೇ. ಮರ ಗಿಡ್ಡವಾದ ನಾಡಿನಲ್ಲಿ ಅಂಕಣವೂ ಇಕ್ಕಟ್ಟು. ಆದಕಾರಣ ಮಲಗುವ ಸ್ಥಳದ ಅಗಲವನ್ನು ಇಲ್ಲಿ ನಿರ್ಣಯಿಸಿದವನು ಮೇಸ್ತ್ರಿಯಲ್ಲ, ಮಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಈ ಸೀಮೆಯಲ್ಲಿ ಮರದಷ್ಟು ಅಂಕಣ, ಅಂಕಣದಷ್ಟು ಹಾಸಿಗೆ ಎಂದು ಇನ್ನೆರಡು ಮೆಟ್ಟಿಲುಗಳನ್ನು ಸೇರಿಸಬಹುದು.

ಮುಂಬಾಗಿಲನ್ನು ದಾಟಿದರೆ ಒಂದು ಪಕ್ಕದಲ್ಲಿ ದನಗಳ ಅಂಕಣ, ಗೋದಲಿ. ಒಂದು ಮೆಟ್ಟಿಲು ಏರಿದರೆ ಪಡಸಾಲೆ. ಅದರ ಹಿಂದೆ ನಡುಮನೆ. ನಡುಮನೆಗೆ ಸೇರಿದಂತೆ ಅಡುಗೆಯ ಸ್ಥಳ, ದೇವರ ಗೂಡು, ಮತ್ತು ಒಂದು ಕೋಣೆ. ಪಟ್ಟಣದಿಂದ ಬಂದವರು ಈ ಕೋಣೆಯೇ ಮಲಗುವ ಮನೆಯಿರಬೇಕೆಂದು ಭಾವಿಸುವುದುಂಟು. ಒಳಗಿರುವ ವಸ್ತುಗಳನ್ನು ಎಣಿಸಿದರೆ ಆ ಭಾವನೆ ನಿಲ್ಲುವುದಿಲ್ಲ. ಗೋಡೆಯುದ್ದಕ್ಕೂ ಕಾಳು ತುಂಬಿದ ಮಣ್ಣಿನ ವಾಡೆಗಳು. ಜಂತೆಯಿಂದ ಇಳಿಬಿದ್ದ ನೆಲುವು. ಮೂಲೆಯಲ್ಲಿ ಮರದ ಪೆಟ್ಟಿಗೆ, ಅದರೊಳಗೆ ಮದುವೆಯ ಮೊಳಕಾಲ್ಮೂರು ಸೀರೆ, ಒಡವೆ, ಭೂಮಿಯ ಪತ್ರ. ಗೋಡೆಯಲ್ಲಿ ಹಣತೆಗೊಂದು ಗೂಡು, ಬಟ್ಟೆಗೆ ಗೂಟ. ಗೋಡೆಯಲ್ಲಿ ಕಿಟಕಿಯಿಲ್ಲ; ಬೆಳಕು ಬರುವುದು ಮಾಳಿಗೆಯ ಗವಾಕ್ಷಿಯಿಂದ ಮಾತ್ರ. ಮಳೆ ಬಂದಾಗ ಅದಕ್ಕೂ ಮುಚ್ಚಳ ಬೀಳುತ್ತದೆ. ಎಂದರೆ ಇದು ಮನೆಯ ಬೊಕ್ಕಸ. ಆ ಬೊಕ್ಕಸದಲ್ಲಿ ಕೆಲವರು ಕೆಲವು ಕಾಲ ಮಲಗುತ್ತಿದ್ದರು.

ಯಾರು ಎಲ್ಲಿ ಮಲಗುತ್ತಿದ್ದರೆಂಬುದನ್ನು ವಿಚಾರಿಸಿದರೆ ಈ ಮನೆಯ ನಿಜವಾದ ನಕ್ಷೆಯು ತೆರೆದುಕೊಳ್ಳುತ್ತದೆ. ಮನೆಯ ಹಿರಿಯನು ಹೊರಜಗಲಿಯಲ್ಲಿಯೋ ಪಡಸಾಲೆಯಲ್ಲಿಯೋ. ಬಾಗಿಲಿಗೂ ದನಕ್ಕೂ ಅವನೇ ಕಾವಲು. ಪ್ರಾಯದ ಗಂಡಸರು ಸುಗ್ಗಿಯಲ್ಲಿ ಕಣದಲ್ಲಿ, ಉಳಿದ ಕಾಲದಲ್ಲಿ ಪಡಸಾಲೆಯಲ್ಲಿ. ಹೆಂಗಸರು ಮಕ್ಕಳು ನಡುಮನೆಯಲ್ಲಿ. ಹೊಸದಾಗಿ ಮದುವೆಯಾದವರಿಗೆ ಕೆಲವು ಕಾಲ ಕೋಣೆ. ಮನೆಮಗಳು ಹೆರಿಗೆಗೆ ಬಂದರೆ ಅದೇ ಕೋಣೆಯು ಬಾಣಂತಿಯ ಕೋಣೆಯಾಗುತ್ತದೆ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಜಂತೆಗೆ ಕಟ್ಟಿದ ತೊಟ್ಟಿಲು. ಬೆಳಗಾದೊಡನೆ ಹಾಸಿಗೆಗಳನ್ನು ಸುತ್ತಿ ಮೂಲೆಗಿಟ್ಟರೆ ಮಲಗುವ ಮನೆಯೇ ಮಾಯವಾಗಿ, ಅದೇ ನೆಲದಲ್ಲಿ ಊಟ, ನೆಂಟರ ಮಾತು, ಕಾಳು ಹಸನುಮಾಡುವ ಕೆಲಸಗಳು ನಡೆಯುತ್ತವೆ. ಅರಸನ ಮನೆಯಲ್ಲಿ ಮಂಚವು ನಿಂತಿತ್ತು, ಮನುಷ್ಯನು ಅದರ ಬಳಿಗೆ ಹೋಗುತ್ತಿದ್ದನು. ಒಕ್ಕಲಿನ ಮನೆಯಲ್ಲಿ ಮನುಷ್ಯನ ಜೊತೆಯಲ್ಲಿ ಹಾಸಿಗೆಯೇ ನಡೆದಾಡುತ್ತಿತ್ತು.

ಈ ನಡೆದಾಟಕ್ಕೆ ಶಾಸ್ತ್ರೀಯವಾದ ಕಾರಣವೂ ಉಂಟು. ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆಯನ್ನು ಬಿಸಿಲಿನ ಕಾವು ದಾಟುವುದಕ್ಕೆ ಹತ್ತು ಗಂಟೆಗೂ ಮೇಲ್ಪಟ್ಟು ಹಿಡಿಯುತ್ತದೆ. ದಾಟಿ ಬರುವಷ್ಟರಲ್ಲಿ ಅದರ ತೀಕ್ಷ್ಣತೆಯೂ ಬಹುವಾಗಿ ತಗ್ಗಿರುತ್ತದೆ. ಆದ್ದರಿಂದ ಬೇಸಗೆಯ ಮಧ್ಯಾಹ್ನ ಕೋಣೆಯು ತಂಪು, ರಾತ್ರಿಯ ಹೊತ್ತಿಗೆ ಬೆಚ್ಚಗೆ. ಈ ಬೆಚ್ಚಗೆ ಮಾಗಿಯಲ್ಲಿ ಹಿತ, ವೈಶಾಖದಲ್ಲಿ ಸಂಕಟ. ವೈಶಾಖದ ರಾತ್ರಿ ಮಾಳಿಗೆಯ ಮೇಲ್ಭಾಗವಾದರೋ ಬರಿಯ ಆಕಾಶಕ್ಕೆ ತೆರೆದು ತನ್ನ ಕಾವನ್ನು ಬೇಗ ಕಳೆದುಕೊಳ್ಳುತ್ತದೆ. ಅದಕ್ಕಾಗಿಯೇ ಮನೆಮಂದಿಯೆಲ್ಲ ಏಣಿ ಹತ್ತಿ ಮೇಲೆ ಮಲಗುತ್ತಿದ್ದರು. ಹಗಲಿಗೆ ಕೋಣೆ, ಮಾಗಿಗೆ ನಡುಮನೆ, ಬೇಸಗೆಗೆ ಮಾಳಿಗೆ: ಹೀಗೆ ಒಂದು ಮನೆಯಲ್ಲಿ ಋತುವಿಗೊಂದು ಮಲಗುವ ಮನೆ.

ಹಾಸಿಗೆಯು ನಡೆದಾಡಬೇಕಾದರೆ ಅದು ಸುತ್ತಲು ಬರಬೇಕು, ಹೆಗಲಿಗೆ ಹಗುರವಾಗಬೇಕು. ಈ ಸೀಮೆಯ ಕೈಗಾರಿಕೆಗಳು ಈ ಅಗತ್ಯಕ್ಕೆ ಸರಿಯಾಗಿಯೇ ಬೆಳೆದಿವೆ. ಚಳ್ಳಕೆರೆಯ ಕಂಬಳಿಯ ಹೆಸರು ದೂರದ ಸಂತೆಗಳಿಗೂ ಮುಟ್ಟಿದುದು. ನಾಡ ಕುರಿಯ ಕರಿಯ ಉಣ್ಣೆಯನ್ನು ನೂತು, ನೂಲಿಗೆ ಹುಣಸೆ ಬೀಜದ ಸರಿಯನ್ನು ಹಚ್ಚಿ ಬಿಗಿಮಾಡಿ ನೇಯುತ್ತಾರೆ. ಹಾಸಲೂ ಹೊದೆಯಲೂ ಅದೇ. ಮಳೆಗೆ ಕೊಪ್ಪೆಯೂ ಅದೇ, ಕಾಳು ಹರವಲೂ ಅದೇ, ಮದುವೆಯಲ್ಲಿ ಹಸೆಗೂ ಅದೇ. ಅದರ ಮೇಲೆ ಮುದುಕಿಯರು ಹಳೆಯ ಸೀರೆ ಪಂಚೆಗಳ ತುಂಡುಗಳನ್ನು ಸೇರಿಸಿ ಹೊಲಿದ ಕೌದಿ. ಕೌದಿಯನ್ನು ಬಿಡಿಸಿ ನೋಡಿದರೆ ಮನೆಯ ಮೂರು ತಲೆಮಾರುಗಳ ಉಡುಪಿನ ಚರಿತ್ರೆ ಸಿಕ್ಕುತ್ತದೆ. ಮಂಚವೆಂಬುದಿದ್ದರೆ ಅದು ಹಗ್ಗ ನೇಯ್ದ ಹೊರಸು. ಒಬ್ಬಳೇ ಹೆಂಗಸು ಎತ್ತಿ ಹೊರಗಿಡಬಹುದು.

ವಸ್ತುವಿನ ಆಯ್ಕೆಯಲ್ಲಿ ಸಮುದಾಯದ ನಂಬಿಕೆಯೂ ಕೆಲಸಮಾಡುತ್ತದೆ. ಈ ಸೀಮೆಯ ಮ್ಯಾಸಬೇಡರು ಹೆಂಡವನ್ನು ವರ್ಜಿಸಿ, ಅದು ಇಳಿಯುವ ಈಚಲು ಮರವನ್ನೂ ಮುಟ್ಟುತ್ತಿರಲಿಲ್ಲವೆಂದು ರೈಸ್ ಅವರ ಗೆಜೆಟಿಯರು ಹೇಳುತ್ತದೆ. ಮರವನ್ನೇ ಮುಟ್ಟದವರ ಮನೆಯಲ್ಲಿ ಈಚಲ ಚಾಪೆಗೆ ಎಡೆಯೆಲ್ಲಿಯದು? ಇತ್ತ ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ಕಥೆಯೇ ಬೇರೆ. ಅಲ್ಲಿ ಬೆಳಕು ಬೀಳುವ ಅಂಕಣವು ಮಗ್ಗದ ಕುಣಿಗೆ ಸಲ್ಲುತ್ತದೆ. ಮಗ್ಗ ಉಳಿಸಿದ ಸ್ಥಳದಲ್ಲಿ ಮನುಷ್ಯರು ಮಲಗುತ್ತಾರೆ. ನಮ್ಮ ನಗರದ ಪೆಟ್ಟಿಗೆಗಳಲ್ಲಿ ಘಮಘಮಿಸುವ ರೇಷ್ಮೆಗೆ ಮನೆಯ ಅತ್ಯುತ್ತಮವಾದ ಜಾಗವನ್ನು ಬಿಟ್ಟುಕೊಟ್ಟವರು ಅದನ್ನು ಉಡದ ಜನ ಎಂಬುದನ್ನು ನಾವು ಮರೆಯಬಾರದು.

ಇಷ್ಟನ್ನು ಕೇಳಿದವರು, ಹಳೆಯ ಮನೆಯೇ ಎಲ್ಲ ರೀತಿಯಿಂದಲೂ ಲೇಸೆಂದು ನಾವು ವಾದಿಸುತ್ತಿದ್ದೇವೆಂದು ತಿಳಿಯಬಾರದು. ಆ ಕೋಣೆಗೆ ಎರಡು ದೊಡ್ಡ ದೋಷಗಳಿದ್ದುವು. ಮೊದಲನೆಯದು ಆರೋಗ್ಯಕ್ಕೆ ಸಂಬಂಧಪಟ್ಟದ್ದು. ೧೮೯೮ರಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿ ಮೈಸೂರು ಸೀಮೆಯಲ್ಲಿ ಹಬ್ಬಿತು. ಅದೇ ವರ್ಷ ಕರಾಚಿಯಲ್ಲಿ ಸಿಮಂಡ್ ಎಂಬ ಫ್ರೆಂಚ್ ವೈದ್ಯನು, ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಸಾಗಿಸುತ್ತದೆಂದು ಕಂಡುಕೊಂಡನು. ಈ ಸತ್ಯದ ಬೆಳಕಿನಲ್ಲಿ ನಮ್ಮ ಕೋಣೆಯನ್ನು ನೋಡಿರಿ: ಕಾಳಿನ ವಾಡೆ, ಕತ್ತಲೆ, ನೆಲದ ಮೇಲೆ ಹಾಸಿಗೆ. ಇಲಿಗೆ ಅನ್ನವಿಟ್ಟ ಮನೆಯಲ್ಲಿಯೇ ಚಿಗಟಕ್ಕೆ ಎಟಕುವಂತೆ ಮನುಷ್ಯನು ಮಲಗಿದ್ದನು. ಜನ ಮನೆಗಳನ್ನು ಬಿಟ್ಟು ಬಯಲಿನ ಜೋಪಡಿಗಳಿಗೆ ಓಡಿದುದು ಭಯದಿಂದಲಾದರೂ, ಅದರಲ್ಲಿ ವಿವೇಕವೂ ಇದ್ದಿತು.

ಬೆಂಗಳೂರಿನಲ್ಲಿ ಆ ಪ್ಲೇಗಿನ ಬಳಿಕ ಬಸವನಗುಡಿ ಮಲ್ಲೇಶ್ವರಗಳು ವೇಗವಾಗಿ ಬೆಳೆದುವು. ನೆಟ್ಟನೆಯ ಬೀದಿ, ಹಿಂದೆ ಶೌಚದ ಓಣಿ, ಮನೆಯ ಸುತ್ತ ಬಯಲು, ಗೋಡೆಗೆ ಕಿಟಕಿ, ಕಿಟಕಿಯ ಮೇಲೆ ಗಾಳಿಗಿಂಡಿ. ಮಲಗುವುದಕ್ಕೆಂದೇ ಒಂದು ಕೋಣೆಯೂ, ಕದಲದ ಮಂಚವೂ, ಸೊಳ್ಳೆಪರದೆಯೂ, ಬೀರುವೂ ಮಧ್ಯಮ ವರ್ಗದ ಮನೆಗೆ ಬಂದುದು ಈ ಬಗೆಯ ಬಡಾವಣೆಗಳೊಡನೆ. ಅರಸನ ಭೋಗವು ಗುಮಾಸ್ತೆಯ ಅಗತ್ಯವಾಯಿತು. ನಾವು ಇಂದು ಸಹಜವೆಂದು ಭಾವಿಸುವ ಮಲಗುವ ಕೋಣೆಯು ಹೆಚ್ಚಿನ ಮನೆತನಗಳಲ್ಲಿ ನಾಲ್ಕೈದು ತಲೆಮಾರುಗಳಿಗಿಂತ ಹಳೆಯದಲ್ಲ.

ಎರಡನೆಯ ದೋಷವು ಇನ್ನೂ ಗಂಭೀರವಾದುದು. ಕೋಣೆಯ ಒಳಗೆ ಏನಿತ್ತೆಂದು ಎಣಿಸಿದೆವು. ಯಾರನ್ನು ಒಳಕ್ಕೆ ಬಿಡುತ್ತಿರಲಿಲ್ಲವೆಂದೂ ಕೇಳಬೇಕಷ್ಟೆ. ಮ್ಯಾಸಬೇಡರಲ್ಲಿ ಹೆರಿಗೆಯ ಹೆಂಗಸನ್ನು ಬೇರೆಯಿರಿಸುವ ಪದ್ಧತಿಯನ್ನು ರೈಸ್ ಅವರೇ ದಾಖಲಿಸಿದ್ದಾರೆ. ಈ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳೂ ಬಾಣಂತಿಯರೂ ಹಟ್ಟಿಯ ಹೊರಗಿನ ಪುಟ್ಟ ಗುಡಿಸಲಿನಲ್ಲಿ ದಿನ ಕಳೆಯುವ ಸಂಪ್ರದಾಯವು ಬಹುಕಾಲ ನಡೆದುಬಂದಿದೆ. ಅಳಿದುಹೋದ ಕಾಲದ ಮಾತಾಗಿದ್ದರೆ ಇಲ್ಲಿಗೇ ಬಿಡಬಹುದಾಗಿತ್ತು. ೨೦೧೭ರಲ್ಲಿ ನಮ್ಮ ರಾಜ್ಯವು ಅಮಾನುಷ ಆಚರಣೆಗಳನ್ನು ನಿಷೇಧಿಸುವ ಕಾಯ್ದೆಯನ್ನು ಮಾಡಿತು. ಆ ಬಳಿಕವೂ, ೨೦೨೩ರ ಜುಲೈ ತಿಂಗಳಿನಲ್ಲಿ, ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಹೊರಗೆ ಗುಡಿಸಲಿನಲ್ಲಿ ತಾಯಿಯೊಡನೆ ಇದ್ದ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಚಳಿಯನ್ನು ಹತ್ತು ಗಂಟೆ ತಡೆಯಬಲ್ಲ ಗೋಡೆಯನ್ನು ಕಟ್ಟುವುದನ್ನು ಕಲಿತ ನಾಡಿನಲ್ಲಿ, ಆ ಗೋಡೆ ಯಾರಿಗೆ ಹೆಚ್ಚು ಅಗತ್ಯವೋ ಅವರೇ ಅದರ ಹೊರಗಿದ್ದರು. ತೀರಿದ ಕೂಸನ್ನೂ ವಸತಿಯ ನಡುವಿನಿಂದ ದೂರಮಾಡದ ಬ್ರಹ್ಮಗಿರಿಯ ಆ ಪ್ರಾಚೀನರನ್ನು ನೆನೆದರೆ, ನಾಗರಿಕತೆಯು ಯಾವಾಗಲೂ ಮುಂದಕ್ಕೇ ನಡೆಯುತ್ತದೆಂಬ ನಮ್ಮ ವಿಶ್ವಾಸವು ಸ್ವಲ್ಪ ಕುಗ್ಗದೆ ಇರದು.

ಈಗ ಆ ಸೀಮೆಯಲ್ಲಿಯೂ ಮಾಳಿಗೆಗಳು ಒಂದೊಂದಾಗಿ ಇಳಿಯುತ್ತಿವೆ. ಕಾಲಕಾಲಕ್ಕೆ ಕರಲು ಹಾಕದೆ ಬಿಟ್ಟರೆ ಮಣ್ಣಿನ ಚಾವಣಿ ಸೋರುತ್ತದೆ. ಸೋರಿದ ಜಂತೆ ಗೆದ್ದಲಿಗೆ ಆಹಾರ. ಕರಲು ತುಳಿಯುವ ಕೈಕಾಲುಗಳು ಪಟ್ಟಣ ಸೇರಿವೆ. ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಸಂಸ್ಥೆಗಳಿಗೆ ಸಂದ ಮೇಲೆ ಕುರಿಗಳ ಮೇವಿನ ನೆಲವೂ ಕಿರಿದಾಯಿತು. ಕಂಬಳಿಯ ಬದಲು ಗಿರಣಿಯ ಹೊದಿಕೆ ಬಂದಿತು. ಹೊಸ ಮನೆಗಳ ನಾಲ್ಕೈದು ಅಂಗುಲದ ಕಾಂಕ್ರೀಟಿನ ಚಾವಣಿಯನ್ನು ಕಾವು ಮೂರು ನಾಲ್ಕು ಗಂಟೆಗಳಲ್ಲಿ ದಾಟಿಬಿಡುತ್ತದೆ. ಮಧ್ಯಾಹ್ನದ ಬಿಸಿಲು ಸಂಜೆಯ ಹೊತ್ತಿಗೆ ಒಳಗೆ ಇಳಿಯುತ್ತದೆ. ಕಿಟಕಿ ಬಂದಿತು, ಬೆಳಕು ಬಂದಿತು, ಇಲಿ ದೂರವಾಯಿತು, ಗಂಡಹೆಂಡಿರಿಗೆ ಬಾಗಿಲೆಳೆದುಕೊಳ್ಳುವ ಏಕಾಂತ ದೊರೆಯಿತು. ಇವು ಸಣ್ಣ ಲಾಭಗಳಲ್ಲ. ಆದರೆ ತಂಪನ್ನು ಹಣ ಕೊಟ್ಟು ವಿದ್ಯುತ್ತಿನಿಂದ ಕೊಳ್ಳಬೇಕಾಯಿತು. ಹಣವಿಲ್ಲದವರು ಮತ್ತೆ ಹಾಸಿಗೆ ಹೊತ್ತು ಹೊರಕ್ಕೆ ಬಂದರು.

ಹೊಸದರ ಕಿಟಕಿಯನ್ನೂ ಹಳೆಯದರ ಗೋಡೆಯನ್ನೂ ಒಂದೇ ಮನೆಯಲ್ಲಿ ಕೂಡಿಸಲಾಗದೆ? ಆಗುತ್ತದೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ಮೊದಲು ಹಳೆಯದು ಹೇಗಿತ್ತೆಂದು ಅಳೆದು ಬರೆದಿಡಬೇಕು. ಅಶೋಕನ ಶಾಸನಕ್ಕೆ ಕಾವಲಿದೆ. ಅದರಿಂದ ಅನತಿದೂರದ ಹಳ್ಳಿಯಲ್ಲಿ ಬಿದ್ದುಹೋಗುತ್ತಿರುವ ಐದು ಅಂಕಣದ ಮನೆಗೆ ಒಂದು ನಕ್ಷೆಯೂ ಇಲ್ಲ. ವಾಸ್ತುವಿದ್ಯೆಯನ್ನು ಕಲಿಯುವ ನಮ್ಮ ತರುಣರು ಒಂದು ಬೇಸಗೆಯ ರಜೆಯನ್ನು ಇದಕ್ಕೆ ಕೊಟ್ಟರೆ, ಕಂಬದಿಂದ ಕಂಬಕ್ಕೆ ನೂಲು ಹಿಡಿದು ಅಳೆದರೆ, ಯಾರು ಎಲ್ಲಿ ಮಲಗುತ್ತಿದ್ದಿರಿ ಎಂದು ಆ ಮನೆಯ ಅಜ್ಜಿಯರನ್ನು ಕೂತು ಕೇಳಿದರೆ, ಅದು ಚರಿತ್ರೆಗೂ ಗೃಹನಿರ್ಮಾಣಕ್ಕೂ ಸಮನಾದ ಸೇವೆಯಾಗುತ್ತದೆ. ಆ ಪ್ರಶ್ನೆಯನ್ನು ಕೇಳುವಾಗ ಹೊರಗೆ ಮಲಗಿದವರು ಯಾರೆಂಬುದನ್ನು ಕೇಳಲು ಮರೆಯದಿರಲಿ.

ಶ್ರೋತೃಗಳು ಈ ರಾತ್ರಿ ದೀಪವಾರಿಸುವ ಮುನ್ನ ತಮ್ಮ ಕೋಣೆಯನ್ನು ಒಮ್ಮೆ ಸುತ್ತ ನೋಡಲಿ. ಕಿಟಕಿ ಎತ್ತ ತೆರೆದಿದೆ, ಗೋಡೆ ಎಷ್ಟು ದಪ್ಪ, ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಗಾಳಿ ಯಾರ ಹಾಸಿಗೆಗೆ ಬೀಸುತ್ತದೆ, ಕೆಲಸದವಳು ಉಳಿದುಕೊಂಡ ದಿನ ಅವಳ ಚಾಪೆ ಎಲ್ಲಿ ಬೀಳುತ್ತದೆ? ಇಷ್ಟಕ್ಕೆ ಉತ್ತರ ಹೇಳಿಕೊಂಡವರಿಗೆ ತಮ್ಮ ಮನೆಯ ಚರಿತ್ರೆಯ ಅರ್ಧಭಾಗವು ತಿಳಿದಂತಾಯಿತು.